54,612ಕ್ಕೆ ನಿಂತುಹೋದ ಬಿಸಿಲು

ಪಾಂಡವಪುರದ ಹತ್ತಿರ ನಮ್ಮದು ಎರಡೂವರೆ ಎಕರೆ ಗದ್ದೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು. ನಾನು ವಾರವೆಲ್ಲ ಮೈಸೂರಿನ ಕಾರ್ಖಾನೆಯೊಂದರಲ್ಲಿ ಮೀಟರು, ಗೇಜು ರಿಪೇರಿ ಮಾಡಿ, ಭಾನುವಾರ ಊರಿಗೆ ಹೋಗಿ ಅಪ್ಪನ ಹತ್ತಿರ ಬೈಸಿಕೊಳ್ಳುವವನು. ಆ ಸಲ ಆಗಸ್ಟ್‌ನಲ್ಲಿ ಕಬ್ಬು ನಾಟಿ ಮಾಡುವಾಗ ಜಗಳ ಬಿದ್ದದ್ದು ಸಾಲಿನ ಅಂತರಕ್ಕೆ. ಅಪ್ಪನದು ಮೂರಡಿ. ನನ್ನದು ಐದಡಿ, ನಡುವೆ ಅಲಸಂದೆ. "ಐದಡಿ ಬುಟ್ರೆ ಬಿಸ್ಲೆಲ್ಲಾ ನೆಲದ ಪಾಲಾಯ್ತದೆ ಕಣ್ಲಾ" ಅಂದರು. ಕೊನೆಗೆ ಅರ್ಧ ಅವರ ಲೆಕ್ಕ, ಅರ್ಧ ನನ್ನ ಲೆಕ್ಕ ಅಂತ ರಾಜಿಯಾಯಿತು. ನೆಲದ ಪಾಲಾಗುವ ಬಿಸಿಲು ಎಷ್ಟು ಅಂತ ಅಳೆದೇ ಬಿಡೋಣ ಎಂದು ನಾನು ಹೊರಟೆ.

ಲೆಕ್ಕ ಸುಲಭ. ಬಯಲಲ್ಲಿ 100 ಪಾಲು ಬಿಸಿಲಿದ್ದು ಕಬ್ಬಿನ ಬುಡದಲ್ಲಿ 30 ಬಿದ್ದರೆ, ಮಿಕ್ಕ 70 ಪಾಲನ್ನು ಎಲೆ ತಡೆದಿದೆ. ಇದಕ್ಕೆಂದೇ ಸೆಪ್ಟೋಮೀಟರ್ ಅಂತ ಉದ್ದನೆಯ ಕೋಲು ಬರುತ್ತದೆ, ಕೆಲವದರಲ್ಲಿ 80 ಸೆನ್ಸರ್ ಇರುತ್ತವೆ. ಅದರ ಬೆಲೆ ನಮ್ಮ ಅಲಸಂದೆಯ ಆದಾಯಕ್ಕೆ ಹೊಂದುವಂಥದ್ದಲ್ಲ. ಹಾಗಾಗಿ ಮೂರಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ ತಂದು, ಅದರ ಮೇಲೆ ಸಮ ಅಂತರದಲ್ಲಿ ಎಂಟು ಬಿಎಚ್1750 ಸೆನ್ಸರ್ ಕೂರಿಸಿದೆ. ಹವ್ಯಾಸಿಗಳು ಬಳಸುವ ಅಗ್ಗದ ಲಕ್ಸ್ ಸೆನ್ಸರ್ ಅದು, ಲಕ್ಸ್ ಅಂದರೆ ಬೆಳಕಿನ ಅಳತೆ. ಒಂದೇ ತಂತಿಯಲ್ಲಿ ಎರಡಕ್ಕಿಂತ ಹೆಚ್ಚು ಹಾಕಲು ಅದರ ವಿಳಾಸ ಸಾಲದು, ಅದಕ್ಕೆ ಒಂದೊಂದನ್ನೇ ಸರದಿಯಲ್ಲಿ ಮಾತಾಡಿಸುವ ಮಲ್ಟಿಪ್ಲೆಕ್ಸರ್ ಬೇಕಾಯಿತು. ಒಂಬತ್ತನೆಯ ಸೆನ್ಸರನ್ನು ಪಂಪ್‌ಹೌಸ್ ತಾರಸಿಯ ಮೇಲೆ, ಬಯಲು ಬಿಸಿಲಿಗೆ.

ಮೊದಲ ಭಾನುವಾರವೇ ಎಡವಟ್ಟು. ತಾರಸಿಯ ಸೆನ್ಸರ್ 11 ಗಂಟೆಗೆ 54,612 ಲಕ್ಸ್ ತೋರಿಸಿತು. 12ಕ್ಕೂ 54,612. ತೆಳು ಮೋಡ ಹಾದುಹೋಯಿತು, ಆಗಲೂ 54,612. ಬಿಸಿಲು ಹೀಗೆ ಸರ್ಕಾರಿ ನೌಕರನ ಸಂಬಳದ ಹಾಗೆ ಬರುವ ವಸ್ತುವಲ್ಲ. ಸಂಜೆ ಸೆನ್ಸರಿನ ಮಾಹಿತಿ ಹಾಳೆ ತೆಗೆದು ನೋಡಿದರೆ ಕಾರಣ ಅಲ್ಲೇ ಇತ್ತು: ಅದು ಎಣಿಸಬಲ್ಲ ಗರಿಷ್ಠ ಸಂಖ್ಯೆ 65,535, ಅದನ್ನು 1.2ರಿಂದ ಭಾಗಿಸಿದರೆ ಬರುವುದೇ 54,612. ನಮ್ಮ ನಡುಹಗಲ ಬಿಸಿಲೋ ಒಂದು ಲಕ್ಷ ಲಕ್ಸ್ ದಾಟುತ್ತದೆ. ಲೀಟರ್ ಪಾವಿನಲ್ಲಿ ಎರಡು ಲೀಟರ್ ಹಾಲು ಅಳೆದ ಹಾಗಾಗಿತ್ತು ನನ್ನ ಕೆಲಸ.

ಪ್ರೋಗ್ರಾಂನಲ್ಲಿ ಅಳೆಯುವ ಅವಧಿಯನ್ನು ಕಡಿಮೆ ಮಾಡಿದರೆ ಮಿತಿ 1,21,000 ಲಕ್ಸ್ ದಾಟುತ್ತದೆ. ಅದನ್ನೂ ಮಾಡಿದೆ. ಜೊತೆಗೆ ಪ್ರತಿ ಸೆನ್ಸರಿನ ಮೇಲೆ ತೆಳು ಬಿಳಿ ಟೆಫ್ಲಾನ್ ತುಂಡಿನ ಮುಚ್ಚಳ ಹಾಕಿದೆ. ಓರೆಯಾಗಿ ಬರುವ ಬೆಳಕನ್ನೂ ಇದು ಹದವಾಗಿ ಒಳಗೆ ಬಿಡುತ್ತದೆ. ಆದರೆ ಕೈಯಲ್ಲಿ ಕತ್ತರಿಸಿದ ಮುಚ್ಚಳ ಒಂದರಂತೆ ಒಂದಿರುವುದಿಲ್ಲ. ಒಂಬತ್ತನ್ನೂ ತಾರಸಿಯ ಮೇಲೆ ಪಕ್ಕಪಕ್ಕ ಇಟ್ಟು ಒಂದು ಗಂಟೆ ಒಂದೇ ಬಿಸಿಲು ಕುಡಿಸಿ, ಒಂದನ್ನು ಯಜಮಾನ ಅಂತ ಮಾಡಿ, ಉಳಿದವಕ್ಕೆ ಅದಕ್ಕೆ ಸರಿಹೊಂದುವ ಗುಣಕ ಬರೆದುಕೊಂಡೆ. ಈ ಕೆಲಸ ತಪ್ಪಿಸಿದರೆ ಮುಂದಿನ ಓದುಗಳೆಲ್ಲ ದಂಡ.

ಇನ್ನು ಪಟ್ಟಿ ಇಡುವ ಜಾಗ. ನಾನು ಮೊದಮೊದಲು ಎರಡು ಸಾಲಿನ ನಡುವೆ, ಸಾಲಿನ ಉದ್ದಕ್ಕೇ ಮಲಗಿಸಿಬಿಟ್ಟೆ. ಅಲ್ಲಿ ಬಿಸಿಲು ಧಾರಾಳ, ಹಾಗಾಗಿ ನೆಲಕ್ಕೆ ಬೀಳುವುದು ಜಾಸ್ತಿ ಅಂತಲೇ ಬಂತು. ಅಪ್ಪನ ವಾದಕ್ಕೆ ನಾನೇ ಸಾಕ್ಷಿ ಒದಗಿಸುತ್ತಿದ್ದೆ! ಪಟ್ಟಿ ಸಾಲಿಗೆ ಅಡ್ಡಲಾಗಿರಬೇಕು. ಮೂರಡಿ ಸಾಲಿನಲ್ಲಿ ನನ್ನ ಪಟ್ಟಿ ಬುಡದಿಂದ ಬುಡಕ್ಕೆ ಸರಿಯಾಗಿ ಕೂರುತ್ತಿತ್ತು. ಐದಡಿಯಲ್ಲಿ ಒಂದು ತುದಿ ಕಬ್ಬಿನ ಬುಡಕ್ಕೆ, ಇನ್ನೊಂದು ತುದಿ ಸಾಲಿನ ನಟ್ಟನಡುವಿಗೆ ಬರುವಂತೆ ಓರೆಯಾಗಿ ಇಟ್ಟು, ಎರಡೂ ಬದಿಯ ಓದು ತೆಗೆದು ಸರಾಸರಿ ಮಾಡಿದೆ. ಹೀಗೆ ಪ್ರತಿ ಭಾಗದಲ್ಲಿ ಹತ್ತು ಕಡೆ. ಹತ್ತು ಕಡೆ ಅಂದರೆ ಹತ್ತು ಸಲ ಕಬ್ಬಿನೊಳಗೆ ನುಗ್ಗುವುದು. ತುಂಬುತೋಳಿನ ಅಂಗಿ ಹಾಕದೆ ಹೋದ ದಿನ ಗರಿ ಕುಯ್ದು ಕೈಯೆಲ್ಲ ಗೀರುಗೀರಾಗಿ, ರಾತ್ರಿ ಸ್ನಾನಕ್ಕೆ ನೀರು ಹೊಯ್ದಾಗ ಪ್ರಾಣ ಹೋದ ಹಾಗಾಯಿತು.

ಪಟ್ಟಿಗೊಂದು ಪುಟ್ಟ ರಸಮಟ್ಟ ಅಂಟಿಸಿದ್ದನ್ನು ಗಾರೆಯವರು ನೋಡಿದರೆ ನಗುತ್ತಿದ್ದರೇನೋ. ಆದರೆ ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ತೆಂಕಕ್ಕಿರುತ್ತಾನೆ. ಪಟ್ಟಿ ಅತ್ತ ಬರೀ 10 ಡಿಗ್ರಿ ವಾಲಿದರೂ ನೇರ ಬಿಸಿಲಿನ ಓದು ಶೇ 11ರಷ್ಟು ಏರಿಬಿಡುತ್ತದೆ. ಹೊತ್ತಿನ ವಿಷಯವೂ ಅಷ್ಟೇ. ಗಡಿಯಾರದ 12 ನಮ್ಮ ಮಧ್ಯಾಹ್ನವಲ್ಲ. ಪಾಂಡವಪುರದಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ನವೆಂಬರ್ ಮೊದಲಲ್ಲಿ 12.07ರ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12.37ಕ್ಕೆ. ಆ ಹೊತ್ತಿಗೆ ಹಿಂದೆಮುಂದೆ ಒಂದು ಗಂಟೆಯೊಳಗೆ ಮುಗಿಸುತ್ತಿದ್ದೆ. ಮೇಲಿನ ಸೆನ್ಸರೂ ಕೆಳಗಿನ ಪಟ್ಟಿಯೂ ಒಂದೇ ಸೆಕೆಂಡಿನಲ್ಲಿ ಓದಬೇಕು. ಮೋಡದ ದಿನ ನಾನು ಗದ್ದೆಯಿಂದ ತಾರಸಿಗೆ ಓಡಿ ಬರುವಷ್ಟರಲ್ಲಿ ಬಿಸಿಲು ಅರ್ಧಕ್ಕೆ ಇಳಿದದ್ದನ್ನು ಕಂಡಿದ್ದೇನೆ.

ಒಂದು ದೋಷ ಮಾತ್ರ ಉಳಿದೇ ಹೋಯಿತು. ಲಕ್ಸ್ ಸೆನ್ಸರ್ ನಮ್ಮ ಕಣ್ಣಿನ ಹಾಗೆ, ಹಸಿರಿಗೆ ಹೆಚ್ಚು ಬೆಲೆ ಕೊಡುತ್ತದೆ. ಎಲೆ ಕೆಂಪು, ನೀಲಿ ಬೆಳಕನ್ನು ಚೆನ್ನಾಗಿ ಹೀರಿ, ಹಸಿರನ್ನು ಒಂದಿಷ್ಟು ಕೆಳಕ್ಕೆ ಬಿಡುತ್ತದೆ. ಹಾಗಾಗಿ ದಟ್ಟ ನೆರಳಿನಲ್ಲಿ ನನ್ನ ಪಟ್ಟಿ ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ. ಬೆಳೆಗೆ ಬೇಕಾದ 400ರಿಂದ 700 ನ್ಯಾನೋಮೀಟರಿನ ಬೆಳಕನ್ನು ಸರಿಸಮವಾಗಿ ಎಣಿಸಲು ಕ್ವಾಂಟಂ ಸೆನ್ಸರೇ ಬೇಕು. ಪ್ರಬಂಧ ಬರೆಯುವವರು ಅದನ್ನೇ ಕೊಳ್ಳಲಿ. ಗದ್ದೆಯ ಎರಡು ಭಾಗ ಹೋಲಿಸಿ ನೋಡುವ ನನಗೆ ಇಷ್ಟು ಸಾಕಾಯಿತು.

ಗುಮಾನಿ ಬಂದಾಗಲೆಲ್ಲ ಅಪ್ಪನ ದನ ಹೊಡೆಯುವ ಕೋಲಿಗೆ ಅಂಗುಲ ಅಂಗುಲಕ್ಕೆ ಗೆರೆ ಎಳೆದು ಸಾಲಿಗೆ ಅಡ್ಡ ಮಲಗಿಸಿ, ನೇರ ಬಿಸಿಲು ಬಿದ್ದ ಅಂಗುಲಗಳನ್ನು ಎಣಿಸುತ್ತಿದ್ದೆ. ಮೂವತ್ತಾರರಲ್ಲಿ ಹತ್ತು ಬಿಸಿಲಲ್ಲಿದ್ದರೆ ಪಟ್ಟಿಯೂ ಅದರ ಆಸುಪಾಸಿನಲ್ಲೇ, ತುಸು ಮೇಲೆ ಹೇಳಬೇಕು. ತೀರಾ ಬೇರೆ ಹೇಳಿದ ಒಂದು ಭಾನುವಾರ ನೋಡಿದರೆ ಎರಡು ವಯರನ್ನು ಇಲಿ ಕಡಿದಿತ್ತು.

ಮೂರು ತಿಂಗಳಿಗೆ ಅಪ್ಪನ ಮೂರಡಿಯಲ್ಲಿ ನೆಲಕ್ಕೆ ಬೀಳುತ್ತಿದ್ದದ್ದು ಹತ್ತರಲ್ಲಿ ಮೂರು ಪಾಲು, ನನ್ನ ಐದಡಿಯಲ್ಲಿ ಐದು. ನಾಲ್ಕೂವರೆ ತಿಂಗಳಿಗೆ ಒಂದು ಮತ್ತು ಎರಡು. ಆಮೇಲೆ ತರಗು ಸುಲಿಸಿದ ವಾರ ಎರಡೂ ಕಡೆ ನೆಲದ ಬೆಳಕು ಏರಿತು. ಹಸಿರೆಲೆ ಒಂದೂ ಕಡಿಮೆಯಾಗಿರಲಿಲ್ಲ. ಅಲ್ಲಿಯವರೆಗೆ ಒಣ ತರಗು ತಡೆದ ಬಿಸಿಲನ್ನೂ ನಾನು ಬೆಳೆಯ ಖಾತೆಗೇ ಜಮಾ ಮಾಡಿಕೊಂಡು ಕೂತಿದ್ದೆ.

"ನೋಡ್ದಾ, ನಾನೇಳಿದ್ದೇ ಸರಿ" ಅಂದರು ಅಪ್ಪ. ಸರಿಯೇ. ಆದರೆ ಮೊದಲ ಎರಡು ತಿಂಗಳು ಮೂರಡಿಯಲ್ಲೂ ಅರ್ಧಕ್ಕರ್ಧ ಬಿಸಿಲು ಬರಿ ನೆಲಕ್ಕೇ ಹೋಗುತ್ತಿತ್ತಲ್ಲ, ಅದನ್ನೂ ತೋರಿಸಿದೆ. ನನ್ನ ಅಲಸಂದೆ ಸೊರಗಿದ್ದಕ್ಕೂ ಈ ಓದುಗಳನ್ನು ಬರೆದಿಟ್ಟ ಪುಸ್ತಕದಲ್ಲೇ ಉತ್ತರ ಸಿಕ್ಕಿತು: ನಾಟಿಯಾಗಿ ಮೂರೂವರೆ ವಾರ ಬಿಟ್ಟು ಬಿತ್ತಿದ್ದೆ, ಕಾಯಿ ಕಟ್ಟುವ ಹೊತ್ತಿಗೆ ಕಬ್ಬು ಅರ್ಧ ಬಿಸಿಲು ಕಿತ್ತುಕೊಂಡಿತ್ತು. ಈಗ ಕೂಳೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು. ಅದು ನಾಟಿಗಿಂತ ಬೇಗ ಮುಚ್ಚಿಕೊಳ್ಳುತ್ತದೆ. ಕೂಳೆ ಸವರಿದ ವಾರವೇ ಅಲಸಂದೆ ಹಾಕಲು ಬೀಜ ತಂದಿಟ್ಟಿದ್ದೇನೆ. ಈ ಸಲ ಅಪ್ಪನ ಭಾಗಕ್ಕೂ ಒಂದು ಸೇರು ಜಾಸ್ತಿ ತರಲು ಅವರೇ ಹೇಳಿದರು.