ಬಯಲಡುಗೆ ಒಲೆಗಳ ವ್ಯಾಪಾರ: ಚಿಕ್ಕಬಳ್ಳಾಪುರದ ಅಂಗಡಿಯಿಂದ

ನಮ್ಮ ಕಡೆ ದೊಡ್ಡ ಒಲೆ ಮಾರುವವರು ಬರ್ನರ್‌ಗಿಂತ ಮೊದಲು ಕಾಲು ನೋಡಬೇಕು. ಬೀಗರೂಟಕ್ಕೆ ಮುದ್ದೆ ಇದ್ದೇ ಇರುತ್ತದೆ. ಅಡುಗೆಯವರು ಕೋಲಿಗೆ ಮೈಭಾರ ಹಾಕಿ ತಿರುವಿದರೆ ಪಾತ್ರೆಯ ಜೊತೆ ಒಲೆಯೂ ವಾಲುತ್ತದೆ. ತೆಳು ಪೈಪಿನ ಕಾಲು ಬೆಸುಗೆಯಲ್ಲೇ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ತರಿಸಿದ ಸ್ಟ್ಯಾಂಡ್‌ಗಳು ಹೀಗೆ ವಾಪಸ್ ಬಂದ ಮೇಲೆ, 40 ಮಿ.ಮೀ. ಆಂಗಲ್‌ನಲ್ಲಿ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಮೊಣಕಾಲಿಗಿಂತ ತಗ್ಗಾಗಿ, ಬುಡ ಅಗಲವಾಗಿ ಇಲ್ಲೇ ಮಾಡಿಸತೊಡಗಿದೆ. ಎತ್ತಿಡಲು ಇಬ್ಬರು ಬೇಕು, ಆದರೆ ಅಲುಗುವುದಿಲ್ಲ.

ಹೆಚ್ಚು ಬರುವ ದೂರು ‘ಸಿಲಿಂಡರ್ ಅರ್ಧಕ್ಕೇ ಮುಗೀತು’ ಅನ್ನುವುದು. ಮುಗಿದಿರುವುದಿಲ್ಲ. ಗಂಟೆಗೆ ಒಂದೂವರೆ ಕೆಜಿ ಎಳೆಯುವ ಒಲೆಗೆ 19 ಕೆಜಿಯ ಒಂದೇ ಸಿಲಿಂಡರ್ ಹಚ್ಚಿದರೆ, ಒಳಗಿನ ದ್ರವ ಆವಿಯಾಗುತ್ತಾ ತಣ್ಣಗಾಗಿ ಒತ್ತಡ ಇಳಿಯುತ್ತದೆ. ಮೊದಲು ಸಿಲಿಂಡರ್‌ನ ಕೆಳಭಾಗ ಬೆವರುತ್ತದೆ, ಆಮೇಲೆ ಬಿಳಿ ಮಂಜು ಕಟ್ಟುತ್ತದೆ, ಉರಿ ಕುಗ್ಗುತ್ತದೆ. ಡಿಸೆಂಬರ್ ಬೆಳಗಿನ ಜಾವ ಇದು ಇನ್ನೂ ಬೇಗ. ಆಗ ಸಿಲಿಂಡರ್ ಮಲಗಿಸುವವರಿದ್ದಾರೆ. ದ್ರವವೇ ರೆಗ್ಯುಲೇಟರ್‌ಗೆ ನುಗ್ಗಿ ಉರಿ ಆಳೆತ್ತರ ಏಳುತ್ತದೆ. ಎರಡು ಸಿಲಿಂಡರ್ ಒಟ್ಟಿಗೆ ಜೋಡಿಸುವ ಮ್ಯಾನಿಫೋಲ್ಡ್ ಹಾಕುವುದೇ ಸರಿಯಾದ ದಾರಿ. ಮನೆಯ ಕೆಂಪು ಸಿಲಿಂಡರ್‌ಗೆ ಹೈ ಪ್ರೆಶರ್ ರೆಗ್ಯುಲೇಟರ್ ಕೇಳಿದವರನ್ನು ವಾಪಸ್ ಕಳಿಸುತ್ತೇನೆ.

ಗಂಜಿ ಉಕ್ಕಿ ಜೆಟ್, ಅಂದರೆ ಗ್ಯಾಸ್ ಬರುವ ಸಣ್ಣ ತೂತಿನ ಹಿತ್ತಾಳೆ ತುಂಡು, ಕಟ್ಟಿಕೊಂಡರೆ ಪಿನ್ನು ಚುಚ್ಚುತ್ತಾರೆ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾಗುತ್ತದೆ. ಗ್ಯಾಸ್ ಹೆಚ್ಚಿ ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ, ಕೊಪ್ಪರಿಗೆ ತಳ ಮಸಿ ಹಿಡಿಯುತ್ತದೆ. ಹೊಸ ಜೆಟ್ ಹಾಕಿ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿದರೆ ಹತ್ತು ನಿಮಿಷದ ಕೆಲಸ. ಜೆಟ್, ವಾಷರ್, ಹೋಸ್ ಮಾರಿದ ದುಡ್ಡಿನಲ್ಲೇ ಅಂಗಡಿ ಬಾಡಿಗೆ ಹುಟ್ಟುವುದು.

2020ರಲ್ಲಿ ಮದುವೆಗೆ 50 ಜನ ಅಂತ ಮಿತಿ ಬಂದಾಗ ದೊಡ್ಡ ಒಲೆಗಳು ಮಾರಾಟವಾಗಲಿಲ್ಲ. ಆಮೇಲೆ ನಂದಿ ಬೆಟ್ಟದ ಸುತ್ತಲ ಫಾರ್ಮ್‌ಸ್ಟೇಗಳು ಬಾರ್ಬೆಕ್ಯೂ (ಮಾಂಸ ಸುಡುವ ಇದ್ದಿಲ ಒಲೆ) ಕೇಳತೊಡಗಿದವು. ಅಲ್ಲೇ ಎಡವಿದ್ದು: ಹೊಳಪು ನೋಡಿ ಎರಡು ಡಜನ್ ತರಿಸಿದೆ. ತೆಳು ತಗಡು. ಬೂದಿ ತೆಗೆಯದೆ ಮಳೆಗೆ ಬಿಟ್ಟರೆ ಬೂದಿ ತೇವ ಹಿಡಿದುಕೊಂಡು ತಳ ತಿಂದುಹಾಕುತ್ತದೆ. ಡಿಸೆಂಬರ್‌ನಲ್ಲಿ ಹೋದಷ್ಟು ಹೋಯಿತು. ಆಷಾಢಕ್ಕೆ ಮದುವೆಯೂ ಇಲ್ಲ, ಪ್ರವಾಸಿಗರೂ ಇಲ್ಲ, ಬಂಡವಾಳ ಗೋದಾಮಿನಲ್ಲಿ.

ಈಗ 2 ಮಿ.ಮೀ. ತಗಡಿನ ಆರು ಮಾತ್ರ, ಅವೂ ಬಾಡಿಗೆಗೆ. ಕೊಡುವಾಗ ಎರಡು ಮಾತು ಹೇಳಿಯೇ ಕೊಡುವುದು: ಇದ್ದಿಲ ಮೇಲೆ ಬೂದಿ ಬಣ್ಣ ಕೂರುವ ತನಕ, ಅಂದರೆ 20–25 ನಿಮಿಷ, ಮಾಂಸ ಇಡಬೇಡಿ, ಚಳಿ ಅಂತ ಉಳಿದ ಕೆಂಡವನ್ನು ಟೆಂಟ್ ಒಳಗೆ ಒಯ್ಯಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ವಾಪಸ್ ಬಂದಾಗ ಬೂದಿ ತೆಗೆದು, ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿದ ಮೇಲೇ ಅಡ್ವಾನ್ಸ್ ವಾಪಸ್.

ಉದ್ರಿ ಅಡುಗೆ ಕಂಟ್ರಾಕ್ಟರ್‌ಗಳಿಗೆ ಮಾತ್ರ, ಅದೂ ಬಿಡಿಭಾಗಕ್ಕೆ. ಒಲೆಗೆ ಇಲ್ಲ.