ಒಂದೇ ಹೊಂಗೆ, ಒಂದೇ ಜಾಗ, ಮೂರು ವರ್ಷ

ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಆರು ನಿಮಿಷದ ನಡಿಗೆ. ದಾರಿಯಲ್ಲಿ ಒಂದು ಹೊಂಗೆ, ತಿರುವಿನಲ್ಲಿ ಅರಳಿ ಕಟ್ಟೆ, ಸ್ಟಾಪಿನ ನೆತ್ತಿಯ ಮೇಲೆ ದೊಡ್ಡದೊಂದು ಮಳೆ ಮರ. ದಕ್ಷಿಣ ಬೆಂಗಳೂರಿನ ಯಾವ ಹಳೇ ಬಡಾವಣೆಯಲ್ಲಾದರೂ ಇಂಥ ದಾರಿ ಸಿಗುತ್ತದೆ. ಹನ್ನೊಂದು ವರ್ಷ ಅಲ್ಲೇ ಓಡಾಡಿದ್ದೆ. ಆದರೂ ಹೊಂಗೆ ಪೂರ್ತಿ ಎಲೆ ಉದುರಿಸಿ ನಿಲ್ಲುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ.

ಹಾಗಾಗಿ 2023ರ ಫೆಬ್ರವರಿಯಲ್ಲಿ ಒಂದು ದಿನ ತಲೆ ಎತ್ತಿ ನೋಡಿದಾಗ ಮರ ಸತ್ತೇ ಹೋಗಿದೆ ಅಂದುಕೊಂಡೆ. ಕೆಳಗೆ ಕಾರುಗಳು ನಿಲ್ಲುತ್ತವೆ, ಒಣಗಿದ ಕೊಂಬೆ ಬಿದ್ದರೆ? ಯಾರಿಗಾದರೂ ದೂರು ಕೊಡೋಣ ಅಂತ ಫೋನಿನಲ್ಲಿ ಒಂದು ಫೋಟೋ ತೆಗೆದೆ. ಪಕ್ಕದಲ್ಲೇ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿ ಕೇಳಿದರು, ಏನು ಅಂತ. ಹೇಳಿದೆ. ಅವರು ನಕ್ಕರು. "ಸತ್ತಿಲ್ಲ ಕಣಪ್ಪಾ, ಎಲೆ ಉದುರಿಸ್ಕೊಂಡಿದೆ. ಯುಗಾದಿ ಹೊತ್ತಿಗೆ ಬಂದು ನೋಡು."

ಯುಗಾದಿವರೆಗೂ ಕಾಯುವ ಹಾಗೇ ಆಗಲಿಲ್ಲ. ಎರಡೇ ವಾರದಲ್ಲಿ ಮರದ ತುಂಬಾ ಎಳೆ ಹಸಿರು. ಎಣ್ಣೆ ಸವರಿದಂತೆ ಹೊಳೆಯುವ ಎಲೆ. ದೂರಿನ ಫೋಟೋ ಫೋನಿನಲ್ಲೇ ಉಳಿದಿತ್ತು. ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಆದ ನಾಚಿಕೆಯೇ ಈ ಹುಚ್ಚಿಗೆ ಕಾರಣ. ಆಮೇಲೆ ಪ್ರತಿ ಭಾನುವಾರ ಒಂದು ಫೋಟೋ. ಮೂರು ವರ್ಷವಾಯಿತು. ಊರಿಗೆ ಹೋದಾಗ, ಜ್ವರ ಬಂದಾಗ ತಪ್ಪಿದ ವಾರಗಳು ಬಿಟ್ಟರೆ ನಡೆದುಕೊಂಡೇ ಬಂದಿದೆ.

ಕ್ಯಾಮೆರಾ ಏನೂ ಇಲ್ಲ, ಸಾಮಾನ್ಯ ಫೋನು. ಇಲ್ಲಿ ಕ್ಯಾಮೆರಾಗಿಂತ ಪಾದ ಮುಖ್ಯ. ಪ್ರತಿ ಸಲವೂ ಅಲ್ಲೇ ನಿಲ್ಲಬೇಕು. ನಾನು ಫುಟ್‌ಪಾತಿನ ಒಂದು ಕಲ್ಲಿನ ಮೇಲೆ ಹಳದಿ ಪೇಂಟಿನ ಚುಕ್ಕೆ ಇಟ್ಟುಕೊಂಡೆ. ಫೋನಿನಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿ, ಎಡಗಡೆಯ ಗೆರೆ ಕಾಂಡದ ಕವಲಿಗೆ, ಕೆಳಗಿನ ಗೆರೆ ಹಿಂದಿನ ಮನೆಯ ಕಾಂಪೌಂಡಿಗೆ ತಾಗುವಂತೆ ಹಿಡಿಯುತ್ತೇನೆ. ಝೂಮ್ ಮುಟ್ಟುವುದಿಲ್ಲ. ಮರ ಪೂರ್ತಿ ಬರಲಿ ಅಂತ ವೈಡ್ ಲೆನ್ಸ್ ಹಾಕುವ ಆಸೆ ಆಗುತ್ತೆ, ಹಾಕಬೇಡಿ. ಕಾಂಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ, ತುದಿ ಚೂಪಾಗಿ ಎಲ್ಲೋ ಹೋಗಿಬಿಡುತ್ತದೆ. ಅದರ ಬದಲು ರಸ್ತೆಯ ಆಚೆ ಬದಿಗೆ ಹೋಗಿ. ಮಧ್ಯೆ ಆಟೋ ಬಂದರೆ ಬರಲಿ.

ಇನ್ನೊಂದು ತೊಂದರೆ ಆಕಾಶ. ಬರಿಗೊಂಬೆಯ ಹಿಂದೆ ಬಿಳಿ ಆಕಾಶ ಇದ್ದರೆ ಫೋನು ಗಲಿಬಿಲಿಗೊಂಡು ಮರವನ್ನು ಮಸಿ ಮಾಡಿಬಿಡುತ್ತದೆ. ಕಾಂಡದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬೆಳಕು ಅಲ್ಲಿಗೆ ಲಾಕ್ ಆಗುತ್ತದೆ, ಆಕಾಶ ಬೆಳ್ಳಗಾದರೂ ತೊಗಟೆ ಕಾಣುತ್ತದೆ. ಎಲೆಯ ಬಣ್ಣ ಸರಿಯಾಗಿ ಬರಬೇಕು ಅಂದರೆ ಮೋಡ ಕವಿದ ದಿನವೇ ಒಳ್ಳೆಯದು. ಬಿಸಿಲಿನಲ್ಲಿ ಹೊಂಗೆ ಎಲೆ ಕನ್ನಡಿಯಂತೆ ಮಿಂಚಿ ಹಸಿರೇ ಕಾಣುವುದಿಲ್ಲ.

ಫೋಟೋ ಜೊತೆಗೆ ಒಂದು ಸಾಲು ಬರೆದಿಡುತ್ತೇನೆ. ಎಲೆ, ಹೂ, ಕಾಯಿ: ಇಲ್ಲ, ಸ್ವಲ್ಪ, ಜಾಸ್ತಿ. ಇದು ನನ್ನ ಬುದ್ಧಿಯಲ್ಲ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ. ಜನ ತಮ್ಮ ಸುತ್ತಲಿನ ಒಂದು ಮರ ಆರಿಸಿಕೊಂಡು ವಾರವಾರ ಹೀಗೆ ದಾಖಲಿಸುತ್ತಾರೆ. ಮೊದಲು ನಾನು ಶೇಕಡಾ ಲೆಕ್ಕ ಹಾಕಲು ಹೋಗಿ ಸುಸ್ತಾಗಿದ್ದೆ. ಅರವತ್ತೋ ಎಪ್ಪತ್ತೋ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ 'ಜಾಸ್ತಿ' ಅನ್ನೋ ಮಾತು ಎಷ್ಟೋ ವಾಸಿ.

ಮಳೆ ಮರದ ವಿಷಯದಲ್ಲಿ ಮಾತ್ರ ಚೆನ್ನಾಗಿ ಮೋಸ ಹೋದೆ. ಮೊದಲ ವರ್ಷದ ಮಳೆಗಾಲದಲ್ಲಿ ಅದರ ಫೋಟೋಗಳು ಒಂದು ವಾರ ದಟ್ಟ, ಮುಂದಿನ ವಾರ ತೆಳು, ಮತ್ತೆ ದಟ್ಟ. ಜುಲೈನಲ್ಲಿ ಎಲೆ ಉದುರುತ್ತಾ ಇದೆ ಅಂತ ಬರೆದುಕೊಂಡೆ. ಆದರೆ ನೆಲದ ಮೇಲೆ ಎಲೆಯೇ ಇಲ್ಲ! ಒಂದು ಸಂಜೆ ಬಸ್ಸಿಗೆ ಕಾಯುತ್ತಾ ಸುಮ್ನೆ ಮೇಲೆ ನೋಡುತ್ತಿದ್ದಾಗ ಗೊತ್ತಾಯಿತು. ಎಲೆಗಳು ಉದುರಿರಲಿಲ್ಲ, ಮಡಚಿಕೊಂಡಿದ್ದವು. ಕತ್ತಲಾಗುತ್ತಿದ್ದಂತೆ ಅದರ ಕಿರುಎಲೆಗಳು ಜೋಡಿಜೋಡಿಯಾಗಿ ಕೈಮುಗಿದಂತೆ ಮುಚ್ಚಿಕೊಳ್ಳುತ್ತವೆ. ಮೋಡ ದಟ್ಟವಾಗಿ ಕವಿದರೂ ಅಷ್ಟೇ. ಆಗ ಸಂದಿಯಲ್ಲಿ ಆಕಾಶ ಕಾಣುತ್ತದೆ, ಮರ ತೆಳ್ಳಗಾದಂತೆ ಅನ್ನಿಸುತ್ತದೆ. ನಾನು ಒಂದು ವಾರ ಬೆಳಿಗ್ಗೆ, ಇನ್ನೊಂದು ವಾರ ಸಂಜೆ ಫೋಟೋ ತೆಗೆದಿದ್ದೆ, ಅಷ್ಟೇ. ಅಂದಿನಿಂದ ಬೆಳಿಗ್ಗೆ ಏಳೂವರೆ ಎಂಟರ ಒಳಗೆ ಮಾತ್ರ. ಹುಣಸೆ ಮರ ಆರಿಸಿಕೊಂಡಿದ್ದರೂ ಇದೇ ಕಥೆ, ಅದೂ ರಾತ್ರಿ ಎಲೆ ಮುಚ್ಚುತ್ತದೆ.

ನಮ್ಮ ಕಡೆ ಮರಗಳ ದೊಡ್ಡ ಕಾಲ ಯಾವುದು ಅಂದರೆ ನಾನು ಫೆಬ್ರವರಿ, ಮಾರ್ಚ್ ಅಂತೀನಿ. ಕ್ಯಾಲೆಂಡರಿನ ಚಿತ್ರಗಳಲ್ಲಿ ಅಕ್ಟೋಬರಿನ ಕೆಂಪು ಎಲೆ ನೋಡಿ ನೋಡಿ ಎಲೆ ಉದುರುವ ಕಾಲ ಅಂದರೆ ಅದೇ ಅಂತ ತಲೆಯಲ್ಲಿ ಕೂತಿದೆ. ನಮ್ಮಲ್ಲಿ ಅಕ್ಟೋಬರ್ ಅಂದರೆ ಮಳೆ ಕುಡಿದು ಕಡು ಹಸಿರಾಗಿ ನಿಂತ ಕಾಲ. ಉದುರುವುದು ಚಳಿ ಮುಗಿದು ಬಿಸಿಲು ಏರುವಾಗ. ಅದೂ ಉದುರುವುದು, ಚಿಗುರುವುದು ಎರಡೂ ಒಂದರ ಬೆನ್ನಿಗೊಂದು.

ಕಟ್ಟೆಯ ಅರಳಿಯನ್ನು ನೋಡಿ. ಕಳೆದ ವರ್ಷ ಒಂದೇ ಭಾನುವಾರ, ಒಂದೇ ಫೋಟೋದಲ್ಲಿ, ಪೂರ್ವದ ಕೊಂಬೆ ಬೋಳು, ನಡುವಿನದು ತಾಮ್ರದ ಬಣ್ಣ, ದೇವಸ್ಥಾನದ ಗೋಡೆ ಕಡೆಯದು ಆಗಲೇ ಹಸಿರು. ಅರಳಿಯ ಚಿಗುರು ಬರಿಗಣ್ಣಿಗೆ ಹೂವಿನಂತೆ ಕಾಣುತ್ತದೆ. ಹತ್ತಿರ ಹೋದರೆ ಪ್ರತಿ ಕುಡಿಯ ತುದಿಯಲ್ಲೂ ಚೂಪಾದ ಒಂದು ಪೊರೆ. ಅದನ್ನು ಬಿಚ್ಚಿಕೊಂಡು ಎಲೆ ಹೊರಬರುತ್ತದೆ, ಒದ್ದೆ ಬಟ್ಟೆಯಂತೆ ಜೋತುಬಿದ್ದಿರುತ್ತದೆ. ಮುಟ್ಟಿದರೆ ಮಗುವಿನ ಕಿವಿಯಷ್ಟು ಮೆತ್ತಗೆ. ಪೊರೆ ಕಳಚಿ ಕೆಳಗೆ ಬೀಳುತ್ತದೆ. ಆ ವಾರ ಕಟ್ಟೆ ಗುಡಿಸುವವರಿಗೆ ಎರಡೆರಡು ಕೆಲಸ: ಹಳೇ ಎಲೆ, ಹೊಸ ಪೊರೆ. ಈ ಚಿಗುರಿನ ಫೋಟೋ ಬೇಕಾದರೆ ಸೂರ್ಯ ಎಲೆಯ ಹಿಂದೆ ಇರಬೇಕು. ಮುಂದಿನಿಂದ ಬೆಳಕು ಬಿದ್ದರೆ ಒಣಗಿದ ಎಲೆಯ ಹಾಗೆ ಕಂದು. ಹಿಂದಿನಿಂದ ಬಂದರೆ ನರನರವೂ ಕಾಣುವ ಕೆಂಪು. ಬಾಲದಂಥ ತುದಿ ಗಾಳಿಗೆ ಅಲ್ಲಾಡುತ್ತಲೇ ಇರುತ್ತದೆ, ಹತ್ತು ತೆಗೆದರೆ ಒಂದು ನಿಲ್ಲುತ್ತದೆ.

ಹೊಂಗೆಯದು ಬೇರೆ ಲೆಕ್ಕ. ಎಲೆ ಬಂದ ಬೆನ್ನಿಗೇ ಹೂ. ಕೆಳಗಿನ ರಸ್ತೆಯ ಮೇಲೆ ಯಾರೋ ಮಂಡಕ್ಕಿ ಮೂಟೆ ಚೆಲ್ಲಿದಂತೆ ಬಿದ್ದಿರುತ್ತದೆ, ಬಿಳಿಗೆ ಒಂದಿಷ್ಟು ನೇರಳೆ ಕಲೆಸಿದ ಬಣ್ಣ. ಮೇಲೆ ಎಲೆಯ ಮರೆಯಲ್ಲಿ ಹೂ ಸರಿಯಾಗಿ ಕಾಣುವುದೇ ಇಲ್ಲ. ಹಾಗಾಗಿ ಆ ನಾಲ್ಕು ವಾರ ನಾನು ಮರದ ಫೋಟೋ ಜೊತೆ ರಸ್ತೆಯ ಫೋಟೋ ಕೂಡ ತೆಗೆಯುತ್ತೇನೆ. ಅದೇ ಹೊತ್ತಿಗೆ ಕೊಂಬೆಯಲ್ಲಿ ಕಂದು ಕಾಯಿಗಳೂ ಇರುತ್ತವೆ. ಅವು ಹೋದ ವರ್ಷದ ಹೂವಿನವು! ಹೊಂಗೆ ಕಾಯಿ ಬಲಿಯಲು ಹತ್ತಿರ ಹತ್ತಿರ ವರ್ಷವೇ ಬೇಕು. ಮೂರು ವರ್ಷದ ಸಾಲು ಫೋಟೋ ಇಲ್ಲದಿದ್ದರೆ ಇದು ನನ್ನ ಗಮನಕ್ಕೆ ಬರುತ್ತಲೇ ಇರಲಿಲ್ಲ. ಮಳೆಗಾಲದ ಹೊತ್ತಿಗೆ ಎಲೆಗಳ ಮೇಲೆ ಪುಟ್ಟ ಬೆರಳಿನಂಥ ಗಂಟುಗಳು ಏಳುತ್ತವೆ. ರೋಗ ಅಂದುಕೊಂಡಿದ್ದೆ. ಕಣ್ಣಿಗೆ ಕಾಣದ ಒಂದು ನುಸಿ ಮಾಡುವ ಕೆಲಸ ಅದು, ಮರಕ್ಕೆ ಅದರ ಗೊಡವೆಯೇ ಇದ್ದಂತಿಲ್ಲ.

ಅಜ್ಜಿಯ ಯುಗಾದಿ ಲೆಕ್ಕವನ್ನೂ ಪರೀಕ್ಷೆ ಮಾಡಿದೆ. 2023ರಲ್ಲಿ ಯುಗಾದಿ ಮಾರ್ಚ್ 22. ಆ ವರ್ಷ ಅಧಿಕ ಮಾಸ ಬಂದಿದ್ದರಿಂದ 2024ರಲ್ಲಿ ಅದು ಏಪ್ರಿಲ್ 9ಕ್ಕೆ ಹೋಯಿತು. ಹೊಂಗೆಗೆ ಪಂಚಾಂಗ ಗೊತ್ತಿಲ್ಲವಲ್ಲ. ಆ ವರ್ಷ ಹಬ್ಬ ಬರುವಷ್ಟರಲ್ಲಿ ಚಿಗುರು ಬಲಿತು ಹೂವೂ ಉದುರುತ್ತಿತ್ತು. ಅಜ್ಜಿಗೆ ಎರಡೂ ಫೋಟೋ ತೋರಿಸಿದೆ. "ಹಬ್ಬ ತಡ ಆಯ್ತು, ಮರ ಅಲ್ಲ" ಅಂದರು. ಆ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಮಳೆ ಅನ್ನುವಂಥ ಮಳೆಯೇ ಬರಲಿಲ್ಲ. ಫೋಟೋದಲ್ಲಿ ಅದು ಗೊತ್ತಾಗುತ್ತದೆ. ಎಳೆ ಎಲೆಯ ಮೇಲೆ ಧೂಳು ಕೂತು ವಾರದಿಂದ ವಾರಕ್ಕೆ ಮರ ಬೂದಿ ಬಣ್ಣಕ್ಕೆ ತಿರುಗಿದೆ. ಮೇನಲ್ಲಿ ಒಂದು ರಾತ್ರಿ ಮಳೆ ಬಿದ್ದ ಮಾರನೇ ದಿನದ ಫೋಟೋ ನೋಡಿದರೆ ಬೇರೆ ಮರವೇ ಅನ್ನಬೇಕು.

ಹೂವಿನ ಮರಗಳ ಬಗ್ಗೆ ಏನೂ ಹೇಳಲಿಲ್ಲ ಅಂತ ಬೇಜಾರು ಬೇಡ. ತಬೂಬಿಯಾ ಅರಳಿದಾಗ ಅದರ ಕೆಳಗೆ ಫೋಟೋಗೆ ಸಾಲು ನಿಲ್ಲುತ್ತಾರಲ್ಲ, ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಈ ಊರಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಟ್ಟಿರುವುದು ಬರೀ ಅದೃಷ್ಟವಲ್ಲ. 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಸರದಿ ನೋಡಿ ಮರ ನೆಡಿಸಿದರು. ತಬೂಬಿಯಾ, ಜಕರಂಡ, ಗುಲ್‌ಮೊಹರ್, ಮಳೆ ಮರ ಎಲ್ಲವೂ ಹೊರಗಿನವೇ. ಚೆಂದವಿಲ್ಲ ಅನ್ನಲಾರೆ. ಆದರೆ ಹೂವಿನ ಹದಿನೈದು ದಿನ ಮುಗಿದ ಮೇಲೆ ಅದೇ ತಬೂಬಿಯಾವನ್ನು ಗುರುತು ಹಿಡಿಯಿರಿ ಅಂದರೆ ಎಷ್ಟು ಜನ ಹಿಡಿಯುತ್ತೇವೆ? ನಾನಂತೂ ಎರಡು ಸಲ ತಪ್ಪು ಮರದ ಕೆಳಗೆ ನಿಂತಿದ್ದೆ. ಆಕಾಶ ಮಲ್ಲಿಗೆಯ ಫೋಟೋವನ್ನಂತೂ ಕೈಬಿಟ್ಟಿದ್ದೇನೆ. ಚಳಿಗಾಲದ ಬೆಳಿಗ್ಗೆ ಅದರ ಕೆಳಗೆ ನಡೆದರೆ ಸಿಗುವುದು ವಾಸನೆ. ಅದನ್ನು ಫೋಟೋದಲ್ಲಿ ಏನಂತ ಹಿಡಿಯೋದು?

ಎರಡನೇ ವರ್ಷದ ಜೂನ್‌ನಲ್ಲಿ ಒಂದು ಭಾನುವಾರ ಹೋದಾಗ ಹೊಂಗೆಯ ಬಲಗಡೆಯ ದೊಡ್ಡ ಕೊಂಬೆ ಇರಲಿಲ್ಲ. ತಂತಿಗೆ ತಾಗುತ್ತಿತ್ತಂತೆ, ವಾರದ ನಡುವೆ ಯಾರೋ ಬಂದು ಕಡಿದು ಹೋಗಿದ್ದರು. ತಂತಿಯಿಂದ ನಾಲ್ಕು ಮಾರು ದೂರದಿಂದಲೇ, ಬುಡಕ್ಕೆ. ಸಿಟ್ಟು ಬಂತು. ಆದರೂ ಅದೇ ಗ್ರಿಡ್ ಗೆರೆಗೆ ಹಿಡಿದು ಫೋಟೋ ತೆಗೆದೆ. ಅರ್ಧ ಚೌಕಟ್ಟು ಖಾಲಿ. ಐದನೇ ವಾರಕ್ಕೆ ಕಡಿದ ಜಾಗದ ಸುತ್ತ ಕೆಂಪು ಮೊಳಕೆಗಳ ಗೊಂಚಲು. ಈಗ ಅವು ನನ್ನ ತೋಳಿನಷ್ಟು ದಪ್ಪವಾಗಿ ನೆಟ್ಟಗೆ ಮೇಲಕ್ಕೆ ಹೋಗಿವೆ, ಮತ್ತೆ ಅದೇ ತಂತಿಯ ಕಡೆಗೆ.

ಹೋದ ತಿಂಗಳು ಫುಟ್‌ಪಾತಿಗೆ ಹೊಸ ಕಲ್ಲು ಹಾಸಿದರು. ನನ್ನ ಹಳದಿ ಚುಕ್ಕೆಯ ಕಲ್ಲು ಲಾರಿ ಹತ್ತಿ ಹೋಯಿತು. ಆ ಭಾನುವಾರ ಹಳೇ ಫೋಟೋವನ್ನು ಹೂವಿನ ಅಜ್ಜಿಯ ಕೈಗೆ ಕೊಟ್ಟು, ನಾನು ಫೋನ್ ಹಿಡಿದು ಹಿಂದೆ ಮುಂದೆ ಸರಿಯುತ್ತಾ ಹೋದೆ. "ಇನ್ನೂ ಒಂದೆಜ್ಜೆ ಹಿಂದಕ್ಕೆ. ಈಗ ಎಡಕ್ಕೆ. ಹಾಂ, ಕಾಂಪೌಂಡು ಸರಿ ಬಂತು." ಹೊಸ ಕಲ್ಲಿಗೆ ಈ ಸಲ ಪೇಂಟಿನ ಬದಲು ಅವರೇ ಸುಣ್ಣದ ಡಬ್ಬಿಯಿಂದ ಒಂದು ಬೊಟ್ಟು ಇಟ್ಟರು. ಮಳೆಗೆ ಅಳಿಸಿ ಹೋಗುತ್ತೆ, ಮತ್ತೆ ಇಡಬೇಕು.