ಎಕ್ಸ್‌ಆರ್‌ಪಿ ಲೆಡ್ಜರ್‌ಗೆ ನಿಮ್ಮ ಆ್ಯಪ್ ಕನೆಕ್ಟ್ ಮಾಡೋದು ಹೇಗೆ

ಜಾವಾಸ್ಕ್ರಿಪ್ಟ್ ಸ್ವಲ್ಪ ಗೊತ್ತಿದ್ರೆ ಸಾಕು, 2012ರಿಂದ ಓಡ್ತಿರೋ ಈ ಲೆಡ್ಜರ್ (ಎಕ್ಸ್‌ಆರ್‌ಪಿ ಅನ್ನೋ ಕ್ರಿಪ್ಟೋ ಕಾಯಿನ್ನಿನ ಬ್ಲಾಕ್‌ಚೈನ್) ಜೊತೆ ಮಾತಾಡೋಕೆ ಎಕ್ಸ್‌ಆರ್‌ಪಿಎಲ್ ಡಾಟ್ ಜೆಎಸ್ ಅನ್ನೋ ಲೈಬ್ರರಿ ಇದೆ. ನೋಡ್ ಡಾಟ್ ಜೆಎಸ್ ಹಾಕ್ಕೊಂಡು ಎನ್‌ಪಿಎಂನಲ್ಲಿ ಇನ್‌ಸ್ಟಾಲ್ ಮಾಡಿ, ಕ್ಲೈಂಟ್ ಆಬ್ಜೆಕ್ಟ್‌ಗೆ ಬರೀ ಪ್ರಯೋಗಕ್ಕಿರೋ ಟೆಸ್ಟ್‌ನೆಟ್ ವೆಬ್‌ಸಾಕೆಟ್ ವಿಳಾಸ ಕೊಟ್ಟು ಕನೆಕ್ಟ್ ಅಂತ ಕರೀರಿ, ಅಷ್ಟೇ. ಮೊದಲನೇ ದಿನಾನೇ ನಿಜವಾದ ದುಡ್ಡು ಓಡೋ ಮೇನ್‌ನೆಟ್‌ಗೆ ಕೈ ಹಾಕ್ಬೇಡಿ ದಯವಿಟ್ಟು, ಅಲ್ಲಿ ಕಳಿಸಿದ ದುಡ್ಡನ್ನ ವಾಪಸ್ ಎಳ್ಕೊಳ್ಳೋಕಾಗಲ್ಲ.

ಫಂಡ್‌ವಾಲೆಟ್ ಕರೆದ್ರೆ ಹೊಸ ವಾಲೆಟ್ ಜೊತೆಗೆ ಪುಕ್ಕಟೆ ಟೆಸ್ಟ್ ಕಾಯಿನ್ನೂ ಸಿಗತ್ತೆ. ಮೇನ್‌ನೆಟ್‌ನಲ್ಲಾದ್ರೆ ಅಕೌಂಟ್ ತೆರೆಯೋಕೆ 1 ಎಕ್ಸ್‌ಆರ್‌ಪಿ ರಿಸರ್ವ್ (ಅಕೌಂಟಲ್ಲಿ ಹಾಗೇ ಉಳಿಸ್ಬೇಕಾದ ಮೊತ್ತ) ಇಡ್ಬೇಕು, ಡಿಸೆಂಬರ್ 2024ಕ್ಕೆ ಮುಂಚೆ ಇದು 10 ಇತ್ತು.

ಈಗ ಪೇಮೆಂಟ್. ಇಲ್ಲೇ ಎಲ್ಲರೂ ಎಡವೋದು: ಎಕ್ಸ್‌ಆರ್‌ಪಿ ಕಳಿಸೋವಾಗ ಅಮೌಂಟ್ ಡ್ರಾಪ್ಸ್ ಲೆಕ್ಕದಲ್ಲಿರ್ಬೇಕು, ಅದೂ ಸ್ಟ್ರಿಂಗ್ ಆಗಿ. 1 ಎಕ್ಸ್‌ಆರ್‌ಪಿ ಅಂದ್ರೆ 10 ಲಕ್ಷ ಡ್ರಾಪ್ಸ್. ನಾನು "25" ಅಂತ ಬರೆದು ಕಳಿಸಿದ್ದೆ, ಆ ಕಡೆ ಹೋಗಿ ನೋಡಿದ್ರೆ ಬಂದಿದ್ದು 0.000025, ಒಂದು ಸಂಜೆ ಪೂರ್ತಿ ಕೋಡ್ ಹುಡುಕಿದ್ಮೇಲೆ ಗೊತ್ತಾಯ್ತು, ಹಾಗಾಗಿ ಎಕ್ಸ್‌ಆರ್‌ಪಿ‌ಟುಡ್ರಾಪ್ಸ್ ಫಂಕ್ಷನ್ನೇ ಬಳಸಿ.

ಆಮೇಲೆ ಆಟೋಫಿಲ್ ಮಾಡಿದ್ರೆ ಫೀಸು, ಸೀಕ್ವೆನ್ಸ್ ನಂಬರ್ (ನಿಮ್ಮ ಅಕೌಂಟಿನ ವಹಿವಾಟಿನ ಕ್ರಮಸಂಖ್ಯೆ) ಎಲ್ಲ ತಾನೇ ತುಂಬ್ಕೊಳತ್ತೆ, ವಾಲೆಟ್‌ನಿಂದ ಸೈನ್ ಮಾಡಿ ಸಬ್ಮಿಟ್‌ಆ್ಯಂಡ್‌ವೇಟ್‌ಗೆ ಕೊಡಿ. ಸಾಮಾನ್ಯವಾಗಿ 3ರಿಂದ 5 ಸೆಕೆಂಡಿಗೊಂದು ಲೆಡ್ಜರ್ ಮುಚ್ಚತ್ತೆ, ಅಂದ್ರೆ ಆವರೆಗಿನ ವಹಿವಾಟಿನ ಒಂದು ಕಂತು ಪಕ್ಕಾ ಆಗತ್ತೆ, ರಿಸಲ್ಟ್‌ನಲ್ಲಿ ಟೆಸ್‌ಸಕ್ಸೆಸ್ ಇದ್ಯಾ ಅಂತ ನೋಡದೆ ಯೂಸರ್‌ಗೆ "ಆಯ್ತು" ಅಂತ ತೋರಿಸ್ಲೇಬೇಡಿ. ಎಕ್ಸ್‌ಚೇಂಜ್‌ಗೆ ಕಳಿಸೋದಾದ್ರೆ ಅವರು ಕೊಟ್ಟಿರೋ ಡೆಸ್ಟಿನೇಷನ್ ಟ್ಯಾಗ್ (ದುಡ್ಡು ಯಾರ ಖಾತೆಗೆ ಅಂತ ಗುರುತಿಸೋ ನಂಬರ್) ಮರೀಬೇಡಿ.

ಸೀಡ್ (ವಾಲೆಟ್ಟಿನ ಗುಟ್ಟಿನ ಕೀಲಿ) ಮಾತ್ರ ಯಾವತ್ತೂ ಕೋಡ್ ಒಳಗೆ ಬರೀಬೇಡಿ, ಬೇರೆ ಎನ್ವಿರಾನ್ಮೆಂಟ್ ಫೈಲ್‌ನಲ್ಲಿಟ್ಟು ಅದನ್ನ ಗಿಟ್‌ಇಗ್ನೋರ್‌ಗೆ ಸೇರಿಸಿ. ಕೆಲಸ ಮುಗಿದ್ಮೇಲೆ ಡಿಸ್ಕನೆಕ್ಟ್ ಕರೀರಿ, ಇಲ್ಲಾಂದ್ರೆ ಪ್ರೋಗ್ರಾಂ ನಿಲ್ಲದೆ ಹಾಗೇ ಕೂತಿರತ್ತೆ.